ನಾಲೆಗೆ ಬುಟ್ರಂತಾ?

ಅಪ್ಪ ದಿನಾ ಬೆಳಗ್ಗೆ ಆರೂಮುಕ್ಕಾಲಿಗೆ ಕೆ.ಆರ್.ಎಸ್. ಮಟ್ಟ ಓದುತ್ತಾರೆ. ಮನಸ್ಸಿನಲ್ಲೇ ಅಲ್ಲ, ಜೋರಾಗಿ. ಹುಡುಗ ಗೇಟಿನೊಳಗೆ ಎಸೆದು ಹೋದ ಪೇಪರನ್ನು ಒಂದು ಸಲ ಕೊಡವುತ್ತಾರೆ. ಮೊದಲ ಪುಟದ ದೊಡ್ಡ ದೊಡ್ಡ ಸುದ್ದಿಯನ್ನೆಲ್ಲ ದಾಟಿ ಜಲಾಶಯದ ಪುಟ್ಟ ಚೌಕಕ್ಕೆ ನೇರವಾಗಿ ಹೋಗುತ್ತಾರೆ. "ಗರಿಷ್ಠ ಮಟ್ಟ 124.80 ಅಡಿ" ಅಂತ ಶುರು. ನಾನು ಹುಟ್ಟಿದಾಗಿನಿಂದ ಈ ಗರಿಷ್ಠ ಮಟ್ಟ ಬದಲಾಗಿಲ್ಲ. ಆದರೂ ಅದನ್ನು ಓದದೆ ಮುಂದಕ್ಕೆ ಹೋಗುವ ಹಾಗಿಲ್ಲ. ಆಮೇಲೆ ಇವತ್ತಿನ ಮಟ್ಟ, ಒಳಹರಿವು, ಹೊರಹರಿವು.

ಓದುವುದು ಅಡುಗೆಮನೆ ಕಡೆ ತಿರುಗಿಕೊಂಡು. ಒಳಗಿಂದ ಅಮ್ಮನ ದನಿ ಬರುತ್ತಿತ್ತು: "ನಾಲೆಗೆ ಬುಟ್ರಂತಾ?"

"ಇನ್ನೂ ಇಲ್ಲ ಕಣೇ." ಅಥವಾ, ವರ್ಷಕ್ಕೆ ಒಂದೋ ಎರಡೋ ಸಲ, "ಬುಟ್ಟವ್ರಂತೆ."

ಇಷ್ಟೇ ಮಾತು. 46 ವರ್ಷ ಇದೇ ಮಾತು. ನನಗಂತೂ ಅದು ಕುಕ್ಕರ್ ವಿಷಲ್ ಇದ್ದ ಹಾಗೆ. ಕಿವಿಗೆ ಬೀಳುತ್ತಿತ್ತು, ಆದರೆ ಯಾವತ್ತೂ ಕೇಳಿಸಿಕೊಂಡಿರಲಿಲ್ಲ.

2024ರ ಜನವರಿಯಲ್ಲಿ, ಸಂಕ್ರಾಂತಿ ಕಳೆದು ಮೂರನೇ ದಿನ, ಅಮ್ಮ ಹೋದಳು. ಎರಡು ವರ್ಷದಿಂದ ಕಿಡ್ನಿ ಕೈಕೊಟ್ಟಿತ್ತು. ಕಾರ್ಯವೆಲ್ಲ ಮುಗಿದು, ನೆಂಟರು ಹೊರಟು, ಬಾಡಿಗೆ ಪಾತ್ರೆಗಳನ್ನು ವಾಪಸ್ ಕೊಟ್ಟ ಮಾರನೇ ದಿನ ಅಪ್ಪ ಮತ್ತೆ ಪೇಪರ್ ಬಿಡಿಸಿದರು. ಗರಿಷ್ಠ ಮಟ್ಟ ಓದಿದರು, ಇವತ್ತಿನ ಮಟ್ಟ ಓದಿದರು. ಓದಿ ಸುಮ್ಮನಾದರು. ನಾನು ಒಳಗೆ ಕಾಫಿ ಸೋಸುತ್ತಿದ್ದೆ. ಅವರು ಕಾಯುತ್ತಿದ್ದಾರೆ ಅಂತ ನನಗೆ ಹೊಳೆಯಲು ಒಂದು ನಿಮಿಷ ಬೇಕಾಯಿತು. ಹೊಳೆಯುವಷ್ಟರಲ್ಲಿ ಪೇಪರ್ ಮಡಚಿಟ್ಟು ಎದ್ದಿದ್ದರು.

ನಾನು ಮಂಡ್ಯದ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಏನಾದರೂ ಭಯವಾದರೆ ದೇವರಮನೆಗೆ ಹೋಗುವವರಿದ್ದಾರೆ, ನಾನು ಓದಲು ಕೂರುವವಳು. ಆ ರಾತ್ರಿ ಫೋನ್ ಹಿಡಿದು ಹುಡುಕಿದ್ದು ಒಂದೇ ವಿಷಯ: ಹೆಂಡತಿ ಹೋದ ಮೇಲೆ ಗಂಡಂದಿರು ಎಷ್ಟು ದಿನ ಇರುತ್ತಾರೆ? ಕೇಳಲು ಚೆನ್ನಾಗಿಲ್ಲ, ಗೊತ್ತು. ಅಪ್ಪನಿಗೆ 74, ಬಿಪಿ ಇದೆ. ಮೈಸೂರಿನ ವಿದ್ಯಾರಣ್ಯಪುರಂನ ಆ ಮನೆಯಲ್ಲಿ ಇನ್ನು ಅವರೊಬ್ಬರೇ.

ಸಿಕ್ಕಿದ್ದು 1969ರ ಒಂದು ಬ್ರಿಟಿಷ್ ಅಧ್ಯಯನ. ಕಾಲಿನ್ ಮರ್ರೆ ಪಾರ್ಕ್ಸ್ ಅನ್ನುವ ಮನೋವೈದ್ಯ ಮತ್ತು ಅವರ ಜೊತೆಯವರು ಮಾಡಿದ್ದು. ಹೆಸರೇ 'ಒಡೆದ ಹೃದಯ'. ಹೆಂಡತಿಯನ್ನು ಕಳೆದುಕೊಂಡ, 55 ದಾಟಿದ 4,486 ಗಂಡಸರನ್ನು ಒಂಬತ್ತು ವರ್ಷ ಲೆಕ್ಕ ಇಟ್ಟುಕೊಂಡು ನೋಡಿದ್ದರು. ಮೊದಲ ಆರು ತಿಂಗಳಲ್ಲಿ ಸತ್ತವರ ಸಂಖ್ಯೆ, ಅದೇ ವಯಸ್ಸಿನ ಮದುವೆಯಾದ ಗಂಡಸರಲ್ಲಿ ಆಗಬಹುದಾದದ್ದಕ್ಕಿಂತ ನೂರಕ್ಕೆ 40ರಷ್ಟು ಜಾಸ್ತಿ. ಹೆಚ್ಚಿನವು ಹೃದಯದ ತೊಂದರೆಯಿಂದಲೇ. ಆರು ತಿಂಗಳು ದಾಟಿದ ಮೇಲೆ ನಿಧಾನವಾಗಿ ಎಲ್ಲರ ಲೆಕ್ಕಕ್ಕೇ ಇಳಿಯುತ್ತದೆ.

ನನ್ನ ತಲೆಯಲ್ಲಿ ಉಳಿದದ್ದು ಎರಡೇ. ನಲವತ್ತು, ಆರು ತಿಂಗಳು. ಕ್ಯಾಲೆಂಡರ್ ತೆಗೆದು ಜುಲೈ 18ರ ಮೇಲೆ ಪೆನ್ಸಿಲ್‌ನಲ್ಲಿ ಒಂದು ಚುಕ್ಕೆ ಇಟ್ಟೆ. ಅಲ್ಲಿಯವರೆಗೆ ಮೈಸೂರಿನಲ್ಲೇ ಇರುತ್ತೇನೆ, ದಿನಾ ರೈಲಿನಲ್ಲಿ ಮಂಡ್ಯಕ್ಕೆ ಹೋಗಿ ಬರುತ್ತೇನೆ ಅಂತ ಮನೆಯಲ್ಲಿ ಹೇಳಿಬಿಟ್ಟೆ. ನಮ್ಮನೆಯವರು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಬೇಡ ಅನ್ನಲಿಲ್ಲ. ಅಧ್ಯಯನ ಕೊಡು ಅಂತ ಇಸಿದುಕೊಂಡು ಓದಿದರು. "4,486 ಜನದಲ್ಲಿ ಆರು ತಿಂಗಳಲ್ಲಿ ಹೋದವರು 213. ಹೆಂಡತಿ ಬದುಕಿದ್ದಿದ್ದರೂ ಅದರಲ್ಲಿ ನೂರೈವತ್ತು ಚಿಲ್ಲರೆ ಜನ ಹೋಗೋರೇ. ಹೆಚ್ಚಿಗೆ ಅಂದ್ರೆ ಅರವತ್ತು ಜನ. ನಾಲ್ಕು ಸಾವಿರಕ್ಕೂ ಮೇಲ್ಪಟ್ಟು ಜನ ಕಾಫಿ ಕುಡ್ಕೊಂಡು ಇದ್ದಾರೆ ನೋಡು" ಅಂದರು. ಲೆಕ್ಕ ಸರಿಯಾಗಿತ್ತು. ಶೇಕಡಾವಾರು ಅನ್ನುವುದು ಎಷ್ಟು ಹೆದರಿಸುತ್ತದೆ ಅಂತ ನಾನೇ ತರಗತಿಯಲ್ಲಿ ಹೇಳುತ್ತೇನೆ. ಆದರೂ ಚುಕ್ಕೆ ಅಳಿಸಲಿಲ್ಲ.

ಜಪಾನಿನ ವೈದ್ಯರು 1990ರಲ್ಲಿ ವಿವರಿಸಿದ ಒಂದು ಕಾಯಿಲೆಯೂ ಇದೆ, ಟಾಕೋತ್ಸುಬೊ. ತುಂಬಾ ಆಘಾತವಾದಾಗ ಹೃದಯದ ಎಡ ಕೋಣೆ ಉಬ್ಬಿಕೊಂಡು, ಅಲ್ಲಿ ಆಕ್ಟೋಪಸ್ ಹಿಡಿಯುವ ಮಡಕೆಯ ಆಕಾರಕ್ಕೆ ಬರುತ್ತದೆ. ಹೆಸರು ಆ ಮಡಕೆಯದೇ. ಜಾಸ್ತಿ ಬರುವುದು ಮುಟ್ಟು ನಿಂತ ಹೆಂಗಸರಿಗೆ, ಬಹಳ ಜನ ಚೇತರಿಸಿಕೊಳ್ಳುತ್ತಾರೆ. ಅಪ್ಪನಿಗೂ ಇದಕ್ಕೂ ಅಷ್ಟೇನೂ ಸಂಬಂಧವಿಲ್ಲ ಅಂತ ಸಮಾಧಾನ ಮಾಡಿಕೊಂಡೆ. ಅದೂ ರಾತ್ರಿ ಎರಡು ಗಂಟೆಗೆ.

ಅಪ್ಪ ಅಮ್ಮನದು ಪ್ರೀತಿ ಅಂತ ನಾನು ಯಾವತ್ತೂ ಅಂದುಕೊಂಡಿರಲಿಲ್ಲ. ಹಿರಿಯರು ನೋಡಿ ಮಾಡಿದ ಮದುವೆ. ಹೆಣ್ಣು ನೋಡಲು ಹೋದ ದಿನ ಅಪ್ಪ ನೋಡಿದ್ದು ಕಾಫಿ ಲೋಟ ಹಿಡಿದಿದ್ದ ಕೈಯನ್ನು ಮಾತ್ರವಂತೆ. ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ಹೋಗುವುದು, ಬರುವುದು, ಸಂಬಳದ ಕವರ್ ಅಮ್ಮನ ಕೈಗೆ ಕೊಡುವುದು. ನಮ್ಮ ಮುಂದೆ ಒಂದು ದಿನ ಒಬ್ಬರ ಮೈ ಒಬ್ಬರು ಮುಟ್ಟಿದ್ದು ಕಂಡಿಲ್ಲ. ನನ್ನದೋ ಪ್ರೇಮವಿವಾಹ. ಒಳಗೊಳಗೇ ಸ್ವಲ್ಪ ಜಂಬ ಇತ್ತು, ಸುಳ್ಳು ಯಾಕೆ ಹೇಳಲಿ.

ಆ ಜಂಬದ ಕತೆಯನ್ನೂ ಹೇಳಿಬಿಡುತ್ತೇನೆ. ನಾವಿಬ್ಬರೂ ಬಿ.ಎಡ್. ಓದುತ್ತಿದ್ದಾಗ ಮೇಲುಕೋಟೆಗೆ ಇವರ ಸ್ನೇಹಿತನ ಸ್ಕೂಟರಿನಲ್ಲಿ ಹೋಗಿದ್ದೆವು. ಇಳಿಯುವಾಗ ಬ್ರೇಕ್ ಹಿಡಿಯಲಿಲ್ಲ. ಎರಡು ತಿರುವು ಹೇಗೆ ದಾಟಿದೆವೋ ಆ ಚೆಲುವನಾರಾಯಣನಿಗೇ ಗೊತ್ತು. ಕೊನೆಗೆ ಮರಳು ರಾಶಿಗೆ ನುಗ್ಗಿಸಿ ನಿಲ್ಲಿಸಿದರು. ನಿಂತ ಮೇಲೆ ಇವರ ಮುಖ ನೋಡಿದೆ, ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಇವನನ್ನೇ ಮದುವೆಯಾಗುವುದು ಅಂತ ತೀರ್ಮಾನವಾಯಿತು. ಎಷ್ಟೋ ವರ್ಷ ಆದ ಮೇಲೆ ಡೊನಾಲ್ಡ್ ಡಟನ್ ಮತ್ತು ಆರ್ಥರ್ ಆರನ್ ಅವರ 1974ರ ಪ್ರಯೋಗ ಓದಿದೆ. ಕೆನಡಾದ ವ್ಯಾಂಕೂವರ್ ಹತ್ತಿರ ಕ್ಯಾಪಿಲಾನೊ ಅನ್ನುವ ಕಣಿವೆಗೆ ತೂಗುಸೇತುವೆ ಇದೆ. ಕೆಳಗೆ 70 ಮೀಟರ್ ಪ್ರಪಾತ, ಕಾಲಿಟ್ಟರೆ ಓಲಾಡುತ್ತದೆ. ಅದರ ಮೇಲೆ ಒಬ್ಬಳು ಹುಡುಗಿಯನ್ನು ನಿಲ್ಲಿಸಿ, ದಾಟುವ ಗಂಡಸರಿಗೆ ಕೆಲವು ಪ್ರಶ್ನೆ ಕೇಳಿಸಿದರು. ಏನಾದರೂ ಇದ್ದರೆ ಫೋನ್ ಮಾಡಿ ಅಂತ ಅವಳು ನಂಬರ್ ಕೊಡುತ್ತಿದ್ದಳು. ಗಟ್ಟಿಯಾದ ಬೇರೆ ಸೇತುವೆಯ ಮೇಲೆ ಮಾತಾಡಿಸಿದವರಿಗಿಂತ ತೂಗುಸೇತುವೆಯವರೇ ಜಾಸ್ತಿ ಜನ ಆಮೇಲೆ ಫೋನ್ ಮಾಡಿದರು. ಭಯದಿಂದ ಹೊಡೆದುಕೊಂಡ ಎದೆಯನ್ನು ಹುಡುಗಿಯ ಲೆಕ್ಕಕ್ಕೆ ಬರೆದುಕೊಂಡಿದ್ದರು, ಪಾಪ. ಇದನ್ನು ಇವರಿಗೆ ಓದಿ ಹೇಳಿದೆ. "ಹಾಗಾದ್ರೆ ನೀನು ಮದುವೆಯಾಗಿದ್ದು ಆ ಬ್ರೇಕ್‌ನ" ಅಂದರು.

ಈ ಎರಡು ಥರದ ಮದುವೆಗಳನ್ನು ತಕ್ಕಡಿಗೆ ಹಾಕಿದವರೂ ಇದ್ದಾರೆ. 1982ರಲ್ಲಿ ಉಷಾ ಗುಪ್ತಾ ಮತ್ತು ಪುಷ್ಪಾ ಸಿಂಗ್ ಜೈಪುರದ 50 ಜೋಡಿಗಳನ್ನು ಕೇಳಿ ನೋಡಿದರು. ಪ್ರೇಮವಿವಾಹದವರ ಪ್ರೀತಿಯ ಅಂಕ ಮೊದಲು ಜಾಸ್ತಿ, ವರ್ಷ ಕಳೆದಂತೆ ಇಳಿಮುಖ. ಹಿರಿಯರು ಮಾಡಿದ ಮದುವೆಯವರದು ಮೊದಲು ಕಡಿಮೆ, ಆಮೇಲೆ ಏರುಮುಖ. ಐದು ವರ್ಷ ದಾಟಿದವರಲ್ಲಿ ಇವರೇ ಮುಂದೆ. ನಮ್ಮ ಅತ್ತೆಗೆ ಹೇಳಿದರೆ ಹಬ್ಬ ಮಾಡುತ್ತಾರೆ, ಅದಕ್ಕೇ ಹೇಳಿಲ್ಲ. ಐವತ್ತು ಜೋಡಿ ಅಂದರೆ ತೀರಾ ಕಡಿಮೆ. 2012ರಲ್ಲಿ ಅಮೆರಿಕದಲ್ಲಿರುವ 58 ಭಾರತೀಯರನ್ನು ಕೇಳಿದಾಗ ಎರಡೂ ಥರದವರ ನಡುವೆ ಏನೂ ವ್ಯತ್ಯಾಸ ಸಿಗಲಿಲ್ಲ. ನನಗೆ ಅನ್ನಿಸುವುದು, ಮದುವೆ ಹೇಗೆ ಶುರುವಾಯಿತು ಅಂತ ಅಳೆಯುವುದು ಸುಲಭ, ಅದಕ್ಕೇ ಅಳೆಯುತ್ತಾರೆ. ಅಡುಗೆಮನೆಗೂ ಜಗುಲಿಗೂ ನಡುವೆ ಓಡಾಡುವ ಮಾತನ್ನು ಯಾರು ಅಳೆಯುತ್ತಾರೆ?

ಅದನ್ನೂ ಅಳೆದಿದ್ದಾರೆ ಅಂತ ಗೊತ್ತಾಗಿದ್ದು ಫೆಬ್ರವರಿಯಲ್ಲಿ, ಪಾಂಡವಪುರ ಸ್ಟೇಷನ್ನಿನಲ್ಲಿ ರೈಲು ನಿಂತಿದ್ದಾಗ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಜಾನ್ ಗಾಟ್‌ಮನ್ ಅನ್ನುವವರು ಪ್ರಯೋಗಾಲಯವನ್ನೇ ಒಂದು ಪುಟ್ಟ ಮನೆಯ ಹಾಗೆ ಸಜ್ಜು ಮಾಡಿದ್ದರು. ಹೊಸದಾಗಿ ಮದುವೆಯಾದವರು ಅಲ್ಲಿಗೆ ಬಂದು ಸುಮ್ನೆ ಇರಬೇಕು. ಅಡುಗೆ ಮಾಡಿ, ಪೇಪರ್ ಓದಿ, ಟಿವಿ ನೋಡಿ. ಕ್ಯಾಮೆರಾ ನೋಡುತ್ತಿರುತ್ತದೆ. ಒಬ್ಬರು ಏನೋ ಒಂದು ಚಿಕ್ಕ ಮಾತು ಎಸೆಯುತ್ತಾರೆ. ಇನ್ನೊಬ್ಬರು ಅದನ್ನು ಹಿಡಿಯಬಹುದು, ಬಿಡಬಹುದು, ಅಥವಾ ಸಿಡುಕಬಹುದು. ಆರು ವರ್ಷ ಬಿಟ್ಟು ನೋಡಿದರೆ, ಜೊತೆಯಲ್ಲೇ ಉಳಿದವರು ಅಂಥ ನೂರು ಮಾತಿನಲ್ಲಿ 86ಕ್ಕೆ ಓಗೊಟ್ಟಿದ್ದರಂತೆ. ಬೇರೆಯಾದವರು 33ಕ್ಕೆ. ಗಾಟ್‌ಮನ್ ಅವರ ಎಲ್ಲವನ್ನೂ ನಾನು ಒಪ್ಪುವುದಿಲ್ಲ. ಯಾರು ಬೇರೆಯಾಗುತ್ತಾರೆ ಅಂತ ನೂರಕ್ಕೆ ತೊಂಬತ್ತು ಸಲ ಮೊದಲೇ ಹೇಳಬಲ್ಲೆ ಅನ್ನುವ ಮಾತಿಗೆ ಬೇರೆ ಸಂಶೋಧಕರು ತಕರಾರು ತೆಗೆದಿದ್ದಾರೆ. ಫಲಿತಾಂಶ ಗೊತ್ತಾದ ಮೇಲೆ ಅದಕ್ಕೆ ಹೊಂದುವ ಸೂತ್ರ ಮಾಡುವುದು ಭವಿಷ್ಯ ಹೇಳಿದ ಹಾಗಾಗುವುದಿಲ್ಲ. ನಮ್ಮನೆ ಮೇಷ್ಟ್ರೂ ಇದನ್ನೇ ಹೇಳಿದರು. ಆದರೆ ಆ ಚಿಕ್ಕ ಮಾತು ಎಸೆಯುವ ಸಂಗತಿ ಓದುತ್ತಾ ಓದುತ್ತಾ ನನಗೆ ರೈಲಿನಲ್ಲಿ ಕಣ್ಣು ಮಂಜಾಯಿತು. ಪಕ್ಕದಲ್ಲಿ ಕೂತಿದ್ದ ಹೂವಿನ ಅಜ್ಜಿ ಒಂದು ಬಾಳೆಹಣ್ಣು ಕೊಟ್ಟರು.

ಯಾಕೆ ಅಂದರೆ ಅಪ್ಪನಿಗೆ ಒಂದು ಗುಂಟೆ ಜಮೀನಿಲ್ಲ. ಮೈಸೂರಲ್ಲೇ ಹುಟ್ಟಿ ಬೆಳೆದವರು. ಕನ್ನಂಬಾಡಿ ತುಂಬಿದರೂ ಅವರಿಗೆ ನಲ್ಲಿ ನೀರು, ಬತ್ತಿದರೂ ನಲ್ಲಿ ನೀರು. ಜಮೀನು ಇದ್ದದ್ದು ಅಮ್ಮನ ತವರಿನಲ್ಲಿ, ಮಂಡ್ಯ ತಾಲ್ಲೂಕಿನ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ. ಒಂದೂವರೆ ಎಕರೆ ಗದ್ದೆ, ಸೋದರಮಾವನದು. ನಾಲೆಗೆ ನೀರು ಬಿಟ್ಟರೆ ನಾಟಿ, ಬಿಡದಿದ್ದರೆ ಅಮ್ಮನಿಗೆ ನಿದ್ದೆ ಇಲ್ಲ. ಕ್ರಿಕೆಟ್ ಹುಚ್ಚಿನ ಮನುಷ್ಯ 46 ವರ್ಷ ಸ್ಕೋರ್ ನೋಡುವ ಮೊದಲು ಅಣೆಕಟ್ಟೆಯ ಮಟ್ಟ ನೋಡಿದ್ದು ಯಾರಿಗೋಸ್ಕರ ಅಂತ ನನಗೆ ನಲವತ್ತೊಂದನೇ ವಯಸ್ಸಿನಲ್ಲಿ, ಪಾಂಡವಪುರದಲ್ಲಿ, ಗೊತ್ತಾಯಿತು.

ಚಿಕ್ಕಂದಿನಲ್ಲಿ ನಮ್ಮಜ್ಜಿ ಕತೆ ಹೇಳುವಾಗ "ಹ್ಞೂಂ ಅನ್ನಿ, ಇಲ್ದಿದ್ರೆ ನಿಲ್ಲಿಸ್ಬುಡ್ತೀನಿ" ಅಂತ ಹೆದರಿಸುತ್ತಿದ್ದಳು. ಹೂಂಗುಟ್ಟುವುದು ಅಂತ ನಮ್ಮಲ್ಲಿ ಅದಕ್ಕೊಂದು ಪದವೇ ಇದೆ. ನಿದ್ದೆ ತೂಗುತ್ತಿದ್ದರೂ ಹೂಂಗುಟ್ಟಬೇಕು. ಕತೆ ರಾಜಕುಮಾರನಿಂದ ನಡೆಯುವುದಿಲ್ಲ, ಹ್ಞೂಂ ಅನ್ನುವವರಿಂದ ನಡೆಯುತ್ತದೆ.

ಮಾರ್ಚ್‌ನ ದ್ವಿತೀಯ ಪಿಯುಸಿ ಪರೀಕ್ಷೆಗೆ ಮೊದಲು ಪುನರಾವರ್ತನೆ ಮಾಡಿಸುತ್ತಿದ್ದೆ. ಆಕ್ಸಿಟೋಸಿನ್ ಬಂತು. ಪಠ್ಯದಲ್ಲಿ ಅದು ಇರುವುದು ಹೆರಿಗೆಯ ಪಾಠದಲ್ಲಿ, ಗರ್ಭಕೋಶ ಹಿಂಡುವ ಹಾರ್ಮೋನು. ಆದರೆ ಮಕ್ಕಳೆಲ್ಲ ಮೊಬೈಲಿನಲ್ಲಿ ನೋಡಿರುತ್ತಾರೆ. "ಮಿಸ್, ಲವ್ ಹಾರ್ಮೋನ್" ಅಂತ ಹಿಂದಿನ ಬೆಂಚಿನಿಂದ ಒಂದು ದನಿ. ಮಂಡ್ಯದ ಮಕ್ಕಳಿಗೆ ಅದನ್ನು ಬೇರೆ ದಾರಿಯಲ್ಲಿ ಹೇಳಬಹುದು. ಹಾಲು ಕರೆಯುವ ಮೊದಲು ಕರು ಯಾಕೆ ಬಿಡುತ್ತೀರಿ ಅಂತ ಕೇಳಿದೆ. ಅರ್ಧ ತರಗತಿಗೆ ಉತ್ತರ ಗೊತ್ತಿತ್ತು. ಕರು ಬಂದು ಕೆಚ್ಚಲಿಗೆ ಗುದ್ದಿದರೆ ಹಸು ಸೊರೆ ಬಿಡುತ್ತದೆ. ಆ ಗುದ್ದು ನರದ ಮೂಲಕ ಮಿದುಳಿಗೆ ಹೋಗುತ್ತದೆ, ಪಿಟ್ಯುಟರಿಯಿಂದ ಆಕ್ಸಿಟೋಸಿನ್ ರಕ್ತಕ್ಕೆ ಇಳಿಯುತ್ತದೆ, ಕೆಚ್ಚಲಿನ ಪುಟ್ಟ ಪುಟ್ಟ ಸ್ನಾಯುಗಳು ಹಿಂಡಿ ಹಾಲು ಕೆಳಗೆ ಬರುತ್ತದೆ. ಕರು ಇಲ್ಲದೆ ಹಾಲು ಬೇಕು ಅನ್ನುವ ದುರಾಸೆಗೆ ಕದ್ದು ಚುಚ್ಚುವ ಇಂಜೆಕ್ಷನ್ನೂ ಇದೇ. ಒಂಬತ್ತು ಅಮೈನೋ ಆಮ್ಲಗಳ ಒಂದು ಪುಟ್ಟ ಸರ. ಇದನ್ನು ಪ್ರಯೋಗಾಲಯದಲ್ಲೇ ತಯಾರಿಸಿ ತೋರಿಸಿದ ವಿನ್ಸೆಂಟ್ ಡು ವಿನ್ಯೋ ಅವರಿಗೆ 1955ರ ರಸಾಯನಶಾಸ್ತ್ರದ ನೊಬೆಲ್ ಬಂತು.

ಪ್ರೀತಿಯ ಹೆಸರು ಅದಕ್ಕೆ ಅಂಟಿದ್ದು ಅಮೆರಿಕದ ಹುಲ್ಲುಗಾವಲಿನ ಒಂದು ಇಲಿಯಿಂದ. ಪ್ರೇರಿ ವೋಲ್ ಅಂತ. ಒಮ್ಮೆ ಜೋಡಿಯಾದರೆ ಗೂಡು ಹಂಚಿಕೊಂಡು ಮರಿಗಳನ್ನು ಇಬ್ಬರೂ ನೋಡಿಕೊಳ್ಳುತ್ತವೆ. ಅದರ ದಾಯಾದಿಯಾದ ಬೆಟ್ಟದ ವೋಲ್‌ಗೆ ಆ ಬುದ್ಧಿ ಇಲ್ಲ. ಸ್ಯೂ ಕಾರ್ಟರ್, ಥಾಮಸ್ ಇನ್ಸೆಲ್, ಲ್ಯಾರಿ ಯಂಗ್ ಮೊದಲಾದವರು ವರ್ಷಗಟ್ಟಲೆ ಇವುಗಳ ಹಿಂದೆ ಬಿದ್ದು, ಮಿದುಳಿನಲ್ಲಿ ಆಕ್ಸಿಟೋಸಿನ್, ವ್ಯಾಸೊಪ್ರೆಸಿನ್ ಹಿಡಿದುಕೊಳ್ಳುವ ಜಾಗಗಳು ಎರಡರಲ್ಲೂ ಬೇರೆ ಬೇರೆ ಅಂತ ತೋರಿಸಿದರು. ಎಲ್ಲ ಅಚ್ಚುಕಟ್ಟಾಗಿತ್ತು. ಆಮೇಲೆ 2023ರಲ್ಲಿ ಆಕ್ಸಿಟೋಸಿನ್ ಹಿಡಿದುಕೊಳ್ಳುವ ಆ ಗ್ರಾಹಕವೇ ಇಲ್ಲದ ಹಾಗೆ ಜೀನ್ ಕತ್ತರಿಸಿದ ಇಲಿಗಳನ್ನು ಬೆಳೆಸಿದರು. ಅವೂ ಹಾಯಾಗಿ ಜೋಡಿಯಾದವು. ಒಂದು ಬೀಗಕ್ಕೆ ಒಂದೇ ಕೀಲಿ ಅಲ್ಲ ಅಂತಾಯಿತು. ನನಗೇನೋ ಖುಷಿಯೇ ಆಯಿತು. ಹಿಂದಿನ ಬೆಂಚಿನವನಿಗೆ ಬೇಸರ.

ಹಸುವಿನ ಮಾತು ಬಂದಾಗಲೆಲ್ಲ ಅಮ್ಮ ಹೇಳುತ್ತಿದ್ದ ಒಂದು ಕತೆ ನೆನಪಾಗುತ್ತದೆ. ಅವಳ ತವರಿನಲ್ಲಿ ಒಂದು ಹಸುವಿನ ಕರು ಸತ್ತುಹೋಯಿತು. ಹಸು ಸೊರೆ ಬಿಡಲಿಲ್ಲ. ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಪಕ್ಕದಲ್ಲಿ ನಿಲ್ಲಿಸಿದರು. ಹಿಂದೆ ಹೀಗೆ ಮಾಡುತ್ತಿದ್ದರು, ಕೆಲವು ಹಸುಗಳು ನೆಕ್ಕಿ ನೋಡಿ ಹಾಲು ಕೊಟ್ಟೂಬಿಡುತ್ತಿದ್ದವು. ಈ ಹಸು ಒಂದು ಸಲ ಮೂಸಿತಂತೆ. ಆಮೇಲೆ ಮುಖ ಆಕಡೆ ತಿರುಗಿಸಿಕೊಂಡು ನಿಂತಿತಂತೆ. "ಒದೀಲಿಲ್ಲ, ಏನೂ ಇಲ್ಲ. ಸುಮ್ನೆ ಆಕಡಿಕ್ ತಿರುಗ್ಕೋತು" ಅನ್ನುತ್ತಿದ್ದಳು.

ಆ ಚರ್ಮಕ್ಕೆ ಹುಲ್ಲು ತುಂಬಿದವರು ಮಾಡಿದ್ದನ್ನೇ ನಾನೂ ಮಾಡಿದೆ. ಗಾಟ್‌ಮನ್ ಓದಿ ಬುದ್ಧಿವಂತಳಾಗಿದ್ದೆನಲ್ಲ. ಅಪ್ಪನ ಮಾತಿಗೆ ಓಗೊಡಬೇಕು, ಅಷ್ಟೇ ತಾನೇ? ಒಂದು ವಾರ "ಹೌದಾ ಅಪ್ಪ" ಅಂದೆ. ಅದು ಅವರಿಗೆ ತಾಕಿದ ಹಾಗೆ ಕಾಣಲಿಲ್ಲ. ಒಂದು ಬೆಳಗ್ಗೆ ಅವರು ಮಟ್ಟ ಓದಿದ ತಕ್ಷಣ ಅಡುಗೆಮನೆಯಿಂದ ಕೂಗಿದೆ, ಅಮ್ಮನ ಧಾಟಿಯಲ್ಲೇ: "ನಾಲೆಗೆ ಬುಟ್ರಂತಾ?"

ಉತ್ತರ ಬರಲಿಲ್ಲ. ಹೊರಗೆ ಬಂದು ನೋಡಿದೆ. ಪೇಪರ್ ಮುಖದ ಮುಂದೆ ಹಾಗೇ ಇತ್ತು. ಸ್ವಲ್ಪ ಹೊತ್ತಾದ ಮೇಲೆ ಪೇಪರಿನ ಹಿಂದಿನಿಂದ, ಕೋಪವೇನೂ ಇಲ್ಲದೆ, "ಹಂಗನ್ಬೇಡ ಕಣವ್ವ" ಅಂದರು. ಮಾರನೇ ದಿನದಿಂದ ಜೋರಾಗಿ ಓದುವುದನ್ನೇ ನಿಲ್ಲಿಸಿದರು. ಕ್ಯಾಲೆಂಡರಿನ ಚುಕ್ಕೆಗೆ ಇನ್ನೂ ನಾಲ್ಕು ತಿಂಗಳು ಬಾಕಿ ಇತ್ತು.

ಆ ದಿನಗಳಲ್ಲಿ ಬೇರೆಯದೇ ಒಂದು ನೆನಪು ಕಾಡುತ್ತಿತ್ತು. ಅಮ್ಮನ ಕೊನೆಯ ವಾರ. ವಾರ್ಡಿನಲ್ಲಿ ಸಿಸ್ಟರ್‌ಗೆ ನರ ಸಿಗುತ್ತಿಲ್ಲ. ಎಡಗೈ ಚುಚ್ಚಿದರು, ಬಲಗೈ ಚುಚ್ಚಿದರು. ಎರಡೂ ಕೈ ಅವರ ವಶದಲ್ಲಿತ್ತು. ಅಪ್ಪ ಮಂಚದ ಕೊನೆಗೆ ಹೋಗಿ ಹೊದಿಕೆಯ ಕೆಳಗೆ ಅಮ್ಮನ ಕಾಲಿನ ಹೆಬ್ಬೆರಳು ಹಿಡಿದುಕೊಂಡು ನಿಂತರು. ಅಮ್ಮ ಕಣ್ಣು ಮುಚ್ಚಿಕೊಂಡೇ "ಬುಡ್ರಿ, ಯಾರಾದ್ರೂ ನೋಡ್ತಾರೆ" ಅಂದಳು. ಬಿಡಲಿಲ್ಲ. ಮೂರನೇ ಸಲ ಚುಚ್ಚಿದಾಗ ಅವಳು ಮುಖ ಕಿವುಚಲಿಲ್ಲ. ನಾನು ನೋಡಿದ್ದೇನೆ.

2006ರಲ್ಲಿ ಜೇಮ್ಸ್ ಕೋನ್ ಮತ್ತು ಸಂಗಡಿಗರು ಮದುವೆಯಾದ 16 ಹೆಂಗಸರನ್ನು ಮಿದುಳು ಸ್ಕ್ಯಾನರಿನೊಳಗೆ ಮಲಗಿಸಿ, ಪಾದದ ಗಿಣ್ಣಿಗೆ ಸಣ್ಣ ಕರೆಂಟ್ ಶಾಕ್ ಕೊಡುತ್ತೇವೆ ಅಂತ ಹೆದರಿಸಿದರು. ಒಂದು ಸಲ ಯಾರ ಕೈಯೂ ಇಲ್ಲ, ಒಂದು ಸಲ ಗುರುತಿಲ್ಲದವರ ಕೈ, ಒಂದು ಸಲ ಗಂಡನ ಕೈ. ಗಂಡನ ಕೈ ಹಿಡಿದಿದ್ದಾಗ ಅಪಾಯಕ್ಕೆ ಸಿಡಿಯುವ ಮಿದುಳಿನ ಭಾಗಗಳು ಎಲ್ಲಕ್ಕಿಂತ ತಣ್ಣಗಿದ್ದವು. ಸಂಬಂಧ ಚೆನ್ನಾಗಿದ್ದವರಲ್ಲಿ ಇನ್ನೂ ತಣ್ಣಗೆ. ಕಾಲಿನ ಹೆಬ್ಬೆರಳು ಹಿಡಿಸಿ ಯಾರೂ ಪ್ರಯೋಗ ಮಾಡಿದ ಹಾಗಿಲ್ಲ.

ಮಾರ್ಚ್ ಕೊನೆಗೆ ಒಂದು ಸಂಜೆ ಸೋದರಮಾವನ ಫೋನ್ ಬಂತು. ಅಪ್ಪನಿಗೂ ಅವರಿಗೂ ಹನ್ನೊಂದು ವರ್ಷದಿಂದ ಮಾತಿಲ್ಲ. ಕಾರಣ ಕೇಳಿದರೆ ನಗುತ್ತೀರಿ. ಮಾವನ ಮಗಳ ಲಗ್ನಪತ್ರಿಕೆಯಲ್ಲಿ ಅಪ್ಪನ ಹೆಸರನ್ನು ಷಡ್ಡಕರ ಹೆಸರಿನ ಕೆಳಗೆ ಅಚ್ಚು ಹಾಕಿಸಿದ್ದರು. ಅಮ್ಮ ನಡುವೆ ಇದ್ದಳು, ಹಾಗಾಗಿ ನಡೆದುಕೊಂಡು ಹೋಗುತ್ತಿತ್ತು. ಮಾವನಿಗೆ ಅಕ್ಕನದೊಂದು ಫೋಟೊ ಬೇಕಿತ್ತು, ಕಟ್ಟು ಹಾಕಿಸಲು. ನಾನು ಬಚ್ಚಲಲ್ಲಿದ್ದೆ, ಅಪ್ಪನೇ ಎತ್ತಬೇಕಾಯಿತು. "ಕಳಿಸ್ತೀನಿ" ಅಂದರು. ಆಮೇಲೆ ಇಬ್ಬರೂ ಮೌನ. ಇಡುವುದಕ್ಕೂ ಆಗದೆ, ಮಾತಾಡುವುದಕ್ಕೂ ಗೊತ್ತಾಗದೆ, ಅಪ್ಪ ಹೇಳಿದ್ದು: "ತೊಂಬತ್ತರಿಂದ ಕೆಳಕ್ಕಿಳಿದೈತಂತೆ ಕಟ್ಟೆ."

ಹಿಂದಿನ ವರ್ಷ ಮಳೆ ಕೈಕೊಟ್ಟು ಅಣೆಕಟ್ಟೆ ತುಂಬಿರಲಿಲ್ಲ. ಬೇಸಿಗೆ ಬೆಳೆಯ ಮಾತೇ ಇರಲಿಲ್ಲ. ಅದು ಮಾವನಿಗೆ ಅಪ್ಪನಿಗಿಂತ ಚೆನ್ನಾಗಿ ಗೊತ್ತು. ಆ ಕಡೆಯಿಂದ ಬಂದದ್ದು ಇಷ್ಟು: "ಹ್ಞೂಂ ಭಾವ."

ಮಾರನೇ ದಿನ ಬೆಳಗ್ಗೆ ಆರೂಮುಕ್ಕಾಲಿಗೆ ಅಪ್ಪ ಪೇಪರ್ ಜೊತೆ ಫೋನನ್ನೂ ಜಗುಲಿಗೆ ತಗೊಂಡು ಹೋದರು.

ಲಗ್ನಪತ್ರಿಕೆಯ ವಿಷಯ ಇಬ್ಬರೂ ಎತ್ತಲಿಲ್ಲ, ಇವತ್ತಿಗೂ ಎತ್ತಿಲ್ಲ. ದಿನಕ್ಕೆ ಒಂದು ಕರೆ, ಎರಡು ನಿಮಿಷ ಕೂಡ ಇಲ್ಲ. ಜೂಲಿಯಾನ್ ಹೋಲ್ಟ್-ಲನ್‌ಸ್ಟಾಡ್ ಮತ್ತು ಜೊತೆಯವರು 2010ರಲ್ಲಿ 148 ಅಧ್ಯಯನಗಳನ್ನು, ಮೂರು ಲಕ್ಷಕ್ಕೂ ಹೆಚ್ಚು ಜನರ ಲೆಕ್ಕವನ್ನು ಒಟ್ಟು ಮಾಡಿ ನೋಡಿದ್ದರು. ಗಟ್ಟಿ ಸಂಬಂಧಗಳಿರುವವರು ಬದುಕುಳಿಯುವ ಸಾಧ್ಯತೆ ಇಲ್ಲದವರಿಗಿಂತ ಸುಮಾರು ಅರ್ಧದಷ್ಟು ಜಾಸ್ತಿ. ಗಂಡ ಹೆಂಡತಿ ಮಾತ್ರ ಅಲ್ಲ, ಎಲ್ಲ ಥರದ ನಂಟೂ ಅದರಲ್ಲಿ ಸೇರಿದೆ. ಮುನಿಸಿಕೊಂಡ ಭಾವಮೈದುನನನ್ನು ಯಾವ ಕಾಲಮ್ಮಿಗೆ ಹಾಕಬೇಕೋ.

ಇಷ್ಟೆಲ್ಲ ಓದಿ ನನ್ನ ಮನೆಯಲ್ಲಿ ನಾನು ಹೇಗಿದ್ದೆ ಅಂತಲೂ ಹೇಳಬೇಕಲ್ಲ. ಮೇ ತಿಂಗಳಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ಸಂಜೆ ಮಂಡ್ಯದ ಮನೆಗೆ ಹೋದಾಗ ಇವರು ಬಾಗಿಲಲ್ಲೇ ನಿಂತಿದ್ದರು. "ಈ ಸಲ ಗಣಿತದಲ್ಲಿ ನಾಲ್ಕು ಜನ ನೂರಕ್ಕೆ ನೂರು!" ಅಂದರು. ನಾನು ಚಪ್ಪಲಿ ಬಿಡುತ್ತಾ, "ಒಳ್ಳೇದಾಯ್ತು ಬಿಡಿ. ಗ್ಯಾಸ್ ಬುಕ್ ಮಾಡಿದ್ರಾ?" ಅಂದೆ.

ಮಾಡಿರಲಿಲ್ಲ. ಫೋನ್ ತೆಗೆದುಕೊಂಡು ಬುಕ್ ಮಾಡಿದರು. ನೂರಕ್ಕೆ ನೂರರ ಮಾತು ಮತ್ತೆ ಬರಲಿಲ್ಲ. ರಾತ್ರಿ ರೈಲಿನಲ್ಲಿ ನೆನಪಾಗಿ ನಾಲಿಗೆ ಕಚ್ಚಿಕೊಂಡೆ. ಶೆಲ್ಲಿ ಗೇಬಲ್ ಅವರ 2004ರ ಅಧ್ಯಯನ ನನಗೆ ಗೊತ್ತಿತ್ತು. ಕಷ್ಟ ಹೇಳಿಕೊಂಡಾಗ ಹೇಗಿರುತ್ತೇವೆ ಅನ್ನುವುದರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಗೇಬಲ್ ನೋಡಿದ್ದು ಒಳ್ಳೆಯ ಸುದ್ದಿ ತಂದಾಗ ಜೊತೆಗಾರರು ಏನು ಮಾಡುತ್ತಾರೆ ಅನ್ನುವುದನ್ನು. ಉತ್ಸಾಹದಿಂದ ಕೇಳುವವರಿದ್ದಾರೆ. ತಣ್ಣಗೆ ಹೊಗಳಿ ಸುಮ್ಮನಾಗುವವರಿದ್ದಾರೆ. ಅದರಲ್ಲೂ ಹುಳುಕು ಹುಡುಕುವವರಿದ್ದಾರೆ. ಮಾತನ್ನೇ ಬೇರೆ ಕಡೆ ತಿರುಗಿಸುವವರಿದ್ದಾರೆ. ಸಂಬಂಧ ಚೆನ್ನಾಗಿರುವುದು ಮೊದಲನೆಯವರದು ಮಾತ್ರ. ನಾನು ಒಂದೇ ಉಸಿರಿನಲ್ಲಿ ಎರಡನೆಯದನ್ನೂ ನಾಲ್ಕನೆಯದನ್ನೂ ಮಾಡಿ ಮುಗಿಸಿದ್ದೆ. ಶ್ರೀರಂಗಪಟ್ಟಣ ದಾಟುವಾಗ ಫೋನ್ ಮಾಡಿದೆ. "ಆ ನಾಲ್ಕು ಜನದಲ್ಲಿ ಆ ಮೂಗುತಿ ಹುಡುಗಿ ಇದ್ದಾಳಾ?" ಅಂತ ಕೇಳಿದೆ. ಮೈಸೂರು ಸ್ಟೇಷನ್ ಬರುವವರೆಗೂ ಆ ಹುಡುಗಿಯ ಪುರಾಣ ಹೇಳಿದರು. ಇಳಿದು ಸಿಟಿ ಬಸ್ ಹತ್ತಿದರೂ ನಿಲ್ಲಿಸಲಿಲ್ಲ. ಸ್ವಲ್ಪ ಅತಿಯಾಯಿತು, ನಿಜ ಹೇಳಬೇಕೆಂದರೆ.

ಜುಲೈ 18 ಬಂತು, ಹೋಯಿತು. ಅಪ್ಪನಿಗೆ ನೆಗಡಿ ಆಗಿತ್ತು, ಅಷ್ಟೇ. ಕೊಡಗಿನಲ್ಲಿ ಮಳೆ ಹಿಡಿದು ಮಟ್ಟ ದಿನಕ್ಕೆ ಅಡಿಗಟ್ಟಲೆ ಏರುತ್ತಿತ್ತು. ಬೆಳಗಿನ ಕರೆ ಐದು ನಿಮಿಷಕ್ಕೆ ಬೆಳೆದಿತ್ತು. ತಿಂಗಳು ಮುಗಿಯುವ ಮೊದಲೇ ಕಟ್ಟೆ ತುಂಬಿತು. ಆ ದಿನ ಅಪ್ಪ ಗರಿಷ್ಠ ಮಟ್ಟವನ್ನೂ ಇವತ್ತಿನ ಮಟ್ಟವನ್ನೂ ಬೇರೆ ಬೇರೆಯಾಗಿಯೇ ಓದಿದರು, ಎರಡೂ ಒಂದೇ ಸಂಖ್ಯೆ ಆಗಿದ್ದರೂ.

ನಾನು ಬಟ್ಟೆಬರೆ ಕಟ್ಟಿಕೊಂಡು ಮಂಡ್ಯಕ್ಕೆ ವಾಪಸ್ ಬಂದೆ. ಆಗಸ್ಟ್‌ನಲ್ಲಿ ಒಂದು ಭಾನುವಾರ ಕಟ್ಟು ಹಾಕಿಸಿದ ಫೋಟೊ ನೋಡಲು ಮಾವನ ಊರಿಗೆ ಹೋಗಿದ್ದೆ. ಬೆಳಗ್ಗೆ ಬೇಗನೇ ಹೋಗಿದ್ದೆ, ಮನೆಯಲ್ಲಿ ಅವರಿರಲಿಲ್ಲ. ಗದ್ದೆ ಕಡೆ ಹೋದೆ. ನಾಲೆ ತುಂಬಿ ಹರಿಯುತ್ತಿತ್ತು. ಗದ್ದೆಗೆ ನೀರು ಕಟ್ಟಿದ್ದರು, ಒಂದು ಮೂಲೆಯಲ್ಲಿ ನಾಟಿ ಶುರುವಾಗಿತ್ತು. ಮಾವ ಮೊಣಕಾಲುದ್ದ ಕೆಸರಿನಲ್ಲಿ ನಿಂತಿದ್ದರು, ಪಂಚೆ ಎತ್ತಿ ಕಟ್ಟಿ, ಒಂದು ಕೈಯಲ್ಲಿ ಪೈರಿನ ಕಟ್ಟು. ಇನ್ನೊಂದು ಕೈಯಲ್ಲಿ ಫೋನು ಕಿವಿಗೆ. ನನ್ನನ್ನು ನೋಡಿ, ಇರು ಅನ್ನುವ ಹಾಗೆ ತಲೆ ಆಡಿಸಿದರು. ಆ ಕಡೆಯಿಂದ ಅಪ್ಪ ಓದುತ್ತಿದ್ದದ್ದು ನನಗೂ ಕೇಳಿಸುವಷ್ಟು ಜೋರಾಗಿತ್ತು. ಒಳಹರಿವು ಇಷ್ಟು, ಹೊರಹರಿವು ಇಷ್ಟು.

ಮಾವ ಪೂರ್ತಿ ಕೇಳಿಸಿಕೊಂಡರು. ಕಾಲಿನ ಸುತ್ತ ಹರಿಯುತ್ತಿದ್ದ ನೀರನ್ನು ಒಂದು ಸಲ ನೋಡಿಕೊಂಡರು.

"ನಾಲೆಗೆ ಬುಟ್ರಂತಾ ಭಾವ?" ಅಂದರು.